ಯುದ್ಧದ ಪಾಪದಲ್ಲಿ ಮಂತ್ರಿಯ ಪಾಲು



ಭಗವಾನ್ ಶ್ರೀವೇದವ್ಯಾಸದೇವರು ಅನುಗ್ರಹಿಸಿದ ಮಹಾಭಾರತದ ಆದಿಪರ್ವದಲ್ಲಿ ಕಣಿಕನೆಂಬ ಮಂತ್ರಿಯೊಬ್ಬನ ಪ್ರಸಂಗವಿದೆ. ಪ್ರವಚನಗಳಲ್ಲಿ ಶಕುನಿ, ಕರ್ಣ, ದುಃಶಾಸನರ ಹೆಸರು ಕೇಳಿಬರುವಷ್ಟು ಈತನ ಹೆಸರು ಕೇಳಿಬರುವುದಿಲ್ಲ. ಪಾಂಡವರ ಏಳಿಗೆಯನ್ನು ಕೇಳಿ ನಿದ್ದೆಗೆಟ್ಟ ಧೃತರಾಷ್ಟ್ರನು ಈತನನ್ನು ಏಕಾಂತಕ್ಕೆ ಕರೆಸಿಕೊಂಡು, ಸಂಧಿ ಮಾಡಲೋ ವಿಗ್ರಹ ಮಾಡಲೋ ಎಂದು ಕೇಳುತ್ತಾನೆ. ಕಣಿಕನ ಉತ್ತರ ದೀರ್ಘವಾದದ್ದು, ನಯವಾದದ್ದು. ಶತ್ರುವನ್ನು ಬೆಳೆಯುವ ಮೊದಲೇ ಮುಗಿಸಬೇಕು, ಮಾತು ಮೃದುವಾಗಿರಬೇಕು, ಹೃದಯ ಕ್ಷೌರದ ಕತ್ತಿಯಂತಿರಬೇಕು ಎಂದು ಆತನ ಅಭಿಪ್ರಾಯ. ದೃಷ್ಟಾಂತಕ್ಕೆಂದು ಒಂದು ನರಿಯ ಕಥೆಯನ್ನೂ ಹೇಳುತ್ತಾನೆ. ಹುಲಿ, ಇಲಿ ಮೊದಲಾದವುಗಳ ಸಹಾಯದಿಂದ ಜಿಂಕೆಯನ್ನು ಕೊಲ್ಲಿಸಿ, ಆಮೇಲೆ ಒಬ್ಬೊಬ್ಬರನ್ನೂ ಉಪಾಯದಿಂದ ಓಡಿಸಿ, ಮಾಂಸವನ್ನೆಲ್ಲ ತಾನೊಂದೇ ತಿಂದ ನರಿಯ ಕಥೆ ಅದು.

ಈ ಪ್ರಸಂಗದ ಕೊನೆಯಲ್ಲಿ ಒಂದು ಸಣ್ಣ ಸಂಗತಿಯಿದೆ. ಇಷ್ಟನ್ನು ಹೇಳಿ ಮುಗಿಸಿದ ಕಣಿಕನು ತನ್ನ ಮನೆಗೆ ಹೊರಟುಹೋದನು, ಧೃತರಾಷ್ಟ್ರನು ಶೋಕದಲ್ಲಿ ಮುಳುಗಿದನು ಎಂದು ಅಲ್ಲಿ ಬರುತ್ತದೆ. ಆಮೇಲೆ ಅರಗಿನ ಮನೆ ಸಿದ್ಧವಾಯಿತು. ಅದನ್ನು ಕಟ್ಟಿಸಿದ ಪುರೋಚನನು ಅದೇ ಬೆಂಕಿಯಲ್ಲಿ ಭಸ್ಮನಾದನು. ದ್ಯೂತ, ವನವಾಸ, ಕುರುಕ್ಷೇತ್ರ ಎಲ್ಲವೂ ನಡೆದುವು. ಹದಿನೆಂಟು ಅಕ್ಷೌಹಿಣಿ ಅಳಿದವು. ಉಪದೇಶ ಕೊಟ್ಟ ಕಣಿಕನು ಯಾವ ರಣರಂಗದಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ಆತನು ಮನೆಗೆ ಹೋದನಷ್ಟೆ.

ಪತ್ರಿಕೆಗಳನ್ನೋದುವ ನಮಗೆ ಯುದ್ಧವಾರ್ತೆ ಹೊಸದಲ್ಲ. ಅರಸ ಯಾರು, ಸೇನಾಪತಿ ಯಾರು, ಎಷ್ಟು ಜನ ಸತ್ತರು ಎಂಬುದು ಮೊದಲ ಪುಟದಲ್ಲಿಯೇ ಇರುತ್ತದೆ. ಆದರೆ ಯುದ್ಧವು ಹುಟ್ಟುವುದು ರಣರಂಗದಲ್ಲಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ವಿದೇಶಾಂಗ ಪಂಡಿತರು, ಕಾನೂನುತಜ್ಞರು ಕುಳಿತು ಬರೆದ ಟಿಪ್ಪಣಿಯಲ್ಲಿ ಅದರ ಜನನ. ಆ ಟಿಪ್ಪಣಿ ಬರೆದವನಿಗೆ ಪಾಪವುಂಟೋ ಇಲ್ಲವೋ? ಉಂಟಾದರೆ ಎಷ್ಟು? ಲೌಕಿಕ ನ್ಯಾಯಾಲಯ ಅವನನ್ನು ಮುಟ್ಟಬಲ್ಲುದೆ? ಈ ತಿಂಗಳು ಇಷ್ಟನ್ನು ವಿಚಾರ ಮಾಡೋಣ.

ಶಾಸ್ತ್ರದಲ್ಲಿ ಇದಕ್ಕೆ ಲೆಕ್ಕವೇ ಇದೆ. ಸಭಾಪರ್ವದಲ್ಲಿ ದ್ರೌಪದೀದೇವಿಯರು ಸಭೆಯ ಮಧ್ಯದಲ್ಲಿ ನಿಂತು ಪ್ರಶ್ನೆ ಕೇಳಿದಾಗ ಭೀಷ್ಮಾದಿಗಳೂ ಸರಿಯಾದ ಉತ್ತರ ಕೊಡಲಾರದೆ ಹೋದರು. ಆಗ ವಿದುರನು ಪ್ರಹ್ಲಾದರಾಜರ ಕಥೆಯನ್ನು ನೆನಪಿಸುತ್ತಾನೆ. ಪ್ರಹ್ಲಾದರ ಮಗ ವಿರೋಚನನಿಗೂ ಅಂಗಿರಸರ ಮಗ ಸುಧನ್ವನಿಗೂ ತಮ್ಮಲ್ಲಿ ಯಾರು ಶ್ರೇಷ್ಠರೆಂಬ ವಾದ ಹುಟ್ಟಿ, ಇಬ್ಬರೂ ಪ್ರಾಣವನ್ನೇ ಪಣವಿಟ್ಟು, ನಿರ್ಣಯಕ್ಕೆಂದು ಪ್ರಹ್ಲಾದರ ಬಳಿಗೇ ಬಂದರು. ಸತ್ಯ ಹೇಳಿದರೆ ಮಗನ ಪ್ರಾಣಕ್ಕೆ ಅಪಾಯ, ಸುಮ್ಮನಿದ್ದರೆ ಧರ್ಮಕ್ಕೆ ಹಾನಿ. ಪ್ರಹ್ಲಾದರು ಕಶ್ಯಪರನ್ನು ಕೇಳಿದರು: ತಿಳಿದೂ ಉತ್ತರ ಹೇಳದವನಿಗೆ, ಸುಳ್ಳು ಹೇಳುವವನಿಗೆ ಏನು ಗತಿ? ಕಶ್ಯಪರ ಉತ್ತರ ಭಯಂಕರವಾದದ್ದು. ಅಂಥವನ ಮೈಗೆ ವರುಣನ ಸಾವಿರ ಪಾಶಗಳು ಬಿಗಿಯುತ್ತವೆ, ವರ್ಷ ತುಂಬಿದಾಗ ಒಂದು ಪಾಶ ಮಾತ್ರ ಸಡಿಲುತ್ತದೆ. ಇನ್ನು, ಅಧರ್ಮವೆಂಬ ಬಾಣ ನೆಟ್ಟು ಧರ್ಮವು ಸಭೆಗೆ ಬಂದಾಗ, ಆ ಬಾಣವನ್ನು ಕೀಳದೆ ಕುಳಿತ ಸಭೆಯಲ್ಲಿ ಪಾಪವು ಹೀಗೆ ಹಂಚಿಹೋಗುತ್ತದೆ: ಅರ್ಧ ಸಭೆಯ ಹಿರಿಯನಿಗೆ, ಕಾಲುಭಾಗ ಮಾಡಿದವನಿಗೆ, ಮಿಕ್ಕ ಕಾಲುಭಾಗ ನಿಂದ್ಯವಾದುದನ್ನು ನಿಂದಿಸದೆ ಕುಳಿತ ಸಭಾಸದರಿಗೆ.

ಈ ಹಂಚಿಕೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೈಯಾರೆ ಮಾಡಿದವನಿಗೂ ಬಾಯಿಮುಚ್ಚಿ ಕುಳಿತ ಸಭಾಸದರ ಗುಂಪಿಗೂ ಇಲ್ಲಿ ಸಮಪಾಲು. ಸುಮ್ಮನಿದ್ದವರಿಗೇ ಇಷ್ಟಾದರೆ, ಮಾಡೆಂದು ಬೋಧಿಸಿದವನಿಗೆ ಎಷ್ಟು? ಮಾಡಿದವನು, ಮಾಡಿಸಿದವನು, ಪ್ರೇರಿಸಿದವನು, ಅನುಮೋದಿಸಿದವನು ಈ ನಾಲ್ವರೂ ಫಲಭಾಗಿಗಳೆಂದು ಹಿರಿಯರು ಹೇಳುವುದು ಬರಿಯ ಗಾದೆಯಲ್ಲ. ಅದು ಇದೇ ಲೆಕ್ಕದ ಮುಂದುವರಿಕೆ. ಪ್ರಹ್ಲಾದರು ಮಗನ ವಿರುದ್ಧವಾಗಿ ತೀರ್ಪು ಹೇಳಿದರು. ಪುತ್ರಸ್ನೇಹವನ್ನು ದಾಟಿ ಧರ್ಮ ಹೇಳಿದ್ದಕ್ಕೆ ಮೆಚ್ಚಿ ಸುಧನ್ವನೇ ವಿರೋಚನನಿಗೆ ಪ್ರಾಣದಾನ ಮಾಡಿದನು. ಧೃತರಾಷ್ಟ್ರನ ಸಭೆಯಲ್ಲಿ ಈ ಕಥೆ ಕೇಳಿಯೂ ಯಾರೊಬ್ಬರೂ ಬಾಯಿ ತೆರೆಯಲಿಲ್ಲವೆಂಬುದು ಬೇರೆ ಮಾತು.

ಇನ್ನು ಲೌಕಿಕ ಕಾನೂನಿನ ಕಡೆಗೆ ಬರೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಗೆದ್ದ ರಾಷ್ಟ್ರಗಳು ನ್ಯಾಯಸಭೆ ನಡೆಸಿದವು. ಹಿಟ್ಲರನ ವಿದೇಶಾಂಗ ಮಂತ್ರಿ ರಿಬ್ಬೆನ್‌ಟ್ರಾಪನನ್ನು 1946ರ ಅಕ್ಟೋಬರಿನಲ್ಲಿ ಗಲ್ಲಿಗೇರಿಸಲಾಯಿತು. ಆತನ ಕೈಯಲ್ಲಿ ಇದ್ದದ್ದು ಲೇಖನಿ, ಒಪ್ಪಂದದ ಪತ್ರ, ಬಂದೂಕಲ್ಲ. ಯುದ್ಧವನ್ನು ಯೋಜಿಸುವುದೇ ಅಪರಾಧವೆಂದು ಅಲ್ಲಿ ಮೊದಲಬಾರಿಗೆ ತೀರ್ಮಾನವಾಯಿತು.

ರಿಬ್ಬೆನ್‌ಟ್ರಾಪನದು ಸುಲಭವಾದ ಉದಾಹರಣೆ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದವನು ಆತನ ಕೈಕೆಳಗೆ 1938ರಿಂದ 1943ರವರೆಗೆ ವಿದೇಶಾಂಗ ಇಲಾಖೆಯ ಕಾರ್ಯದರ್ಶಿಯಾಗಿದ್ದ ಅರ್ನ್ಸ್ಟ್ ಫಾನ್ ವೈಟ್ಸೆಕರ್. ಕುಲೀನ ಮನೆತನದವನು, ವಿದ್ಯಾವಂತ, ಒರಟು ಮಾತಾಡದವನು. ಹಿಟ್ಲರನ ಬಗ್ಗೆ ಒಳಗೊಳಗೆ ಅಸಹ್ಯವಿತ್ತು, ಯುದ್ಧ ತಪ್ಪಿಸಲೆಂದೇ ಅಧಿಕಾರದಲ್ಲಿ ಉಳಿದೆ ಎಂಬುದು ಆತನ ಸಮರ್ಥನೆ. ಅದು ಪೂರ್ತಿ ಸುಳ್ಳೆಂದು ಹೇಳುವಂತಿಲ್ಲ. ಆದರೆ 1942ರಲ್ಲಿ ಫ್ರಾನ್ಸಿನಿಂದ 6000 ಮಂದಿ ಯೆಹೂದ್ಯರನ್ನು ಆಷ್‌ವಿಟ್ಸಿಗೆ ಸಾಗಿಸಲು ವಿದೇಶಾಂಗ ಇಲಾಖೆಯ ಅಭಿಪ್ರಾಯವೇನೆಂದು ಪತ್ರ ಬಂದಾಗ, ಇಲಾಖೆಯಿಂದ ಹೋದ ಉತ್ತರ: ಆಕ್ಷೇಪಣೆ ಇಲ್ಲ. ಆ ಕಾಗದದ ಮೇಲೆ ಈತನ ಅಂಕಿತವಿತ್ತು.

ಮುಂಬಯಿ, ಪುಣೆ, ದೆಹಲಿಗಳ ಕಚೇರಿಗಳಲ್ಲಿ ಸೇವೆ ಸಲ್ಲಿಸಿದ ನಮ್ಮ ಓದುಗರಿಗೆ ಈ ಮಾತು ಚಿರಪರಿಚಿತ. ಪಾಸ್‌ಪೋರ್ಟಿಗೆ, ಹೌಸಿಂಗ್ ಸೊಸೈಟಿಯ ಕಾಗದಕ್ಕೆ, ಊರಿಗೆ ವರ್ಗವಾಗುವುದಕ್ಕೆ ‘ನೋ ಅಬ್ಜೆಕ್ಷನ್’ ಎಂದು ಬರೆಯುತ್ತೇವೆ, ಬರೆಸಿಕೊಳ್ಳುತ್ತೇವೆ. ಅಷ್ಟೇ ಸಹಜವಾದ ಕಚೇರಿಯ ಭಾಷೆಯಲ್ಲಿ ಆರು ಸಾವಿರ ಜನರ ಪ್ರಾಣ ಹೋಯಿತು. 1949ರ ಏಪ್ರಿಲಿನಲ್ಲಿ ಆತನಿಗೆ 7 ವರ್ಷಗಳ ಸೆರೆಯಾಯಿತು. ಆಕ್ರಮಣಕಾರಿ ಯುದ್ಧದ ಆರೋಪದಲ್ಲಿ ವಿಧಿಸಿದ್ದ ದೋಷವನ್ನು ಅದೇ ನ್ಯಾಯಸಭೆ ಆಮೇಲೆ ರದ್ದುಪಡಿಸಿ ಶಿಕ್ಷೆಯನ್ನು 5 ವರ್ಷಕ್ಕಿಳಿಸಿತು. ಆ ‘ಆಕ್ಷೇಪಣೆ ಇಲ್ಲ’ ಎಂಬುದರ ದೋಷ ಮಾತ್ರ ಅಳಿಯಲಿಲ್ಲ. 1950ರಲ್ಲಿ ಬಿಡುಗಡೆಯಾಗಿ ಮರುವರ್ಷವೇ ತೀರಿಕೊಂಡನು. ಆ ವಿಚಾರಣೆಯಲ್ಲಿ ತಂದೆಯ ಪರವಾಗಿ ವಕೀಲರಿಗೆ ನೆರವಾದ ತರುಣ ಮಗನೇ ರಿಚರ್ಡ್ ಫಾನ್ ವೈಟ್ಸೆಕರ್. ಮುಂದೆ ಪಶ್ಚಿಮ ಜರ್ಮನಿಯ ಅಧ್ಯಕ್ಷರಾಗಿ 1985ರ ಮೇ 8ರಂದು ಆಡಿದ ಪ್ರಸಿದ್ಧ ಭಾಷಣದಲ್ಲಿ, ತನ್ನ ದೇಶ ಸೋತ ಆ ದಿನವನ್ನೇ ಬಿಡುಗಡೆಯ ದಿನವೆಂದು ಕರೆದವರು ಇವರು. ತಂದೆಯ ಋಣ ಮಗನ ಬಾಯಿಂದ ಎಷ್ಟು ತೀರಿತೋ ಶ್ರೀಹರಿಯೇ ಬಲ್ಲ.

ನೀತಿಯನ್ನು ಮೇಲಿನವರು ನಿಶ್ಚಯಿಸಿದರು, ನಾನು ನಿಮಿತ್ತಮಾತ್ರ ಎಂಬ ವಾದ ನಮ್ಮವರ ಬಾಯಲ್ಲಿಯೂ ಒಮ್ಮೊಮ್ಮೆ ವೇದಾಂತದ ವೇಷ ತೊಟ್ಟು ಬರುವುದುಂಟು. ಎಲ್ಲವನ್ನೂ ಮಾಡಿಸುವವನು ಶ್ರೀಹರಿಯಾದ್ದರಿಂದ ನನಗೇನು ದೋಷ ಎಂದು ಕೇಳುತ್ತಾರೆ. ಶ್ರೀಮದಾಚಾರ್ಯರ ಸಿದ್ಧಾಂತ ಹಾಗೆ ಹೇಳುವುದಿಲ್ಲ. ಜೀವನ ಕರ್ತೃತ್ವ ಪರಾಧೀನ, ನಿಜ. ಪರಾಧೀನವೆಂದ ಮಾತ್ರಕ್ಕೆ ಇಲ್ಲವೆಂದಾಗಲಿಲ್ಲ. ಇಲ್ಲದಿದ್ದರೆ ಇದನ್ನು ಮಾಡು, ಇದನ್ನು ಮಾಡಬೇಡ ಎಂಬ ಶಾಸ್ತ್ರವು ಯಾರನ್ನು ಕುರಿತು ಹೊರಟಿತು? ಸರ್ವಸ್ವತಂತ್ರನಾದ ಭಗವಂತನ ಅಧೀನದಲ್ಲಿದ್ದೂ ಜೀವನು ಹೊಣೆ ತಪ್ಪಿಸಿಕೊಳ್ಳಲಾರನೆಂದ ಮೇಲೆ, ಒಬ್ಬ ಮಂತ್ರಿಯ ಅಧೀನದಲ್ಲಿದ್ದ ಕಾರ್ಯದರ್ಶಿ ತಪ್ಪಿಸಿಕೊಳ್ಳುವುದು ಹೇಗೆ?

ಗೆದ್ದವರು ಸೋತವರಿಗೆ ವಿಧಿಸಿದ ನ್ಯಾಯವಲ್ಲವೇ ಎಂಬ ಆಕ್ಷೇಪವೂ ಇದೆ. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಎತ್ತಿದವರು ನಮ್ಮ ದೇಶದ ನ್ಯಾಯಾಧೀಶ ರಾಧಾವಿನೋದ ಪಾಲರು. ಜಪಾನಿನ ನಾಯಕರ ವಿಚಾರಣೆ ನಡೆಸಿದ ಟೋಕಿಯೋ ನ್ಯಾಯಸಭೆಯಲ್ಲಿ 1948ರಲ್ಲಿ ಭಿನ್ನ ತೀರ್ಪು ಬರೆದು, ಯುದ್ಧ ಹೂಡುವುದು ಅಂದಿನ ಕಾನೂನಿನಲ್ಲಿ ವ್ಯಕ್ತಿಗಳ ಅಪರಾಧವಾಗಿರಲಿಲ್ಲವೆಂದು ಎಲ್ಲ ಆರೋಪಿಗಳನ್ನೂ ಅವರು ನಿರ್ದೋಷಿಗಳೆಂದರು. ಇದನ್ನು ಒಪ್ಪದವರೂ ಅವರ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಸೋತವರಿಗೆ ಹಾಕಿದ ಅಳತೆಗೋಲನ್ನು ಗೆದ್ದವರು ಮುಂದೆ ತಮ್ಮ ಮೈಗೂ ಹಿಡಿದರೇ?

2003ರ ಇರಾಕ್ ಯುದ್ಧವು ಈ ಪರೀಕ್ಷೆಯನ್ನು ತಂದಿತು. ಅಮೆರಿಕ ಮತ್ತು ಬ್ರಿಟನ್ ಸೇರಿ, ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಹೇಳಿ ಯುದ್ಧ ಹೂಡಿದವು. ಅಸ್ತ್ರಗಳು ಸಿಗಲಿಲ್ಲ. ಅಮೆರಿಕದ ಒಳಗಿನ ವಿಚಾರಕ್ಕಿಂತ ಬ್ರಿಟನ್ನಿನ ವಿಚಾರ ಹೆಚ್ಚು ಬಯಲಾಗಿರುವುದರಿಂದ ಅದನ್ನೇ ನೋಡೋಣ. ಲಂಡನ್ನಿನ ವಿದೇಶಾಂಗ ಇಲಾಖೆಯ ಮುಖ್ಯ ಕಾನೂನು ಸಲಹೆಗಾರ ಮೈಕಲ್ ವುಡ್ಡರು 2003ರ ಜನವರಿಯಲ್ಲಿಯೇ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅನುಮತಿಯಿಲ್ಲದ ಯುದ್ಧವು ಆಕ್ರಮಣದ ಅಪರಾಧವಾದೀತೆಂದು ಬರೆದು ತಿಳಿಸಿದರು. ವಿದೇಶಾಂಗ ಮಂತ್ರಿ ಜಾಕ್ ಸ್ಟ್ರಾ ಅವರ ಉತ್ತರ: ಸಲಹೆಯನ್ನು ಗಮನಿಸಿದ್ದೇನೆ, ಒಪ್ಪುವುದಿಲ್ಲ. ಸರ್ಕಾರದ ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ತರು ಮಾರ್ಚ್ 7ರಂದು 13 ಪುಟಗಳ ಅಭಿಪ್ರಾಯ ಬರೆದರು. ಅದರಲ್ಲಿ ಸಂದೇಹಗಳಿದ್ದವು, ಭದ್ರತಾ ಮಂಡಳಿಯಿಂದ ಮತ್ತೊಂದು ನಿರ್ಣಯ ಪಡೆಯುವುದೇ ಸುರಕ್ಷಿತವಾದ ಮಾರ್ಗವೆಂದಿತ್ತು. ಹತ್ತೇ ದಿನಗಳಲ್ಲಿ, ಮಾರ್ಚ್ 17ರಂದು, ಪಾರ್ಲಿಮೆಂಟಿಗೆ ಕೊಟ್ಟದ್ದು 300 ಚಿಲ್ಲರೆ ಪದಗಳ ಹೇಳಿಕೆ. ಅದರಲ್ಲಿ ಸಂದೇಹವೇ ಇರಲಿಲ್ಲ. 13 ಪುಟಗಳ ಮೂಲವನ್ನು ಮಂತ್ರಿಮಂಡಲದ ಸದಸ್ಯರ ಮುಂದೆ ಇಡಲಿಲ್ಲ.

ಹದಿಮೂರು ಪುಟ ಒಂದು ಪುಟವಾಗುವಾಗ ಬಿದ್ದುಹೋದದ್ದೇನು? ‘ಆದರೆ’ ಎಂಬ ಪದಗಳು. ಅರಸನಿಗೆ ಬೇಕಾದದ್ದನ್ನು ಹೇಳುವ ಮಂತ್ರಿ ಸುಳ್ಳು ಹೇಳಬೇಕೆಂದೇನೂ ಇಲ್ಲ. ತನಗೆ ತಿಳಿದ ‘ಆದರೆ’ಗಳನ್ನು ನುಂಗಿದರೆ ಸಾಕು.

ವುಡ್ಡರ ಕೈಕೆಳಗೆ ಉಪ ಕಾನೂನು ಸಲಹೆಗಾರರಾಗಿದ್ದ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಎಂಬ ಮಹಿಳೆ ಸುಮಾರು 30 ವರ್ಷಗಳ ಸೇವೆಯ ನಂತರ, ಯುದ್ಧ ಆರಂಭವಾದ ಆ ದಿನಗಳಲ್ಲಿಯೇ ರಾಜೀನಾಮೆ ಕೊಟ್ಟರು. ಇದು ನ್ಯಾಯಸಮ್ಮತವೆಂದು ತಾನು ಒಪ್ಪಲಾರೆ ಎಂದು ಕಾರಣವನ್ನೂ ಬರೆದರು. 2005ರಲ್ಲಿ ಆ ಪತ್ರವನ್ನು ಸರ್ಕಾರ ಪ್ರಕಟಿಸಿದಾಗ ಒಂದು ಭಾಗವನ್ನು ತಡೆಹಿಡಿಯಿತು. ಅದು ಹೊರಬಿದ್ದಾಗ ನೋಡಿದರೆ, ಅಟಾರ್ನಿ ಜನರಲರ ಅಭಿಪ್ರಾಯ ಬದಲಾದುದರ ಉಲ್ಲೇಖ ಅಲ್ಲಿತ್ತು. ಶ್ರೀಮದ್ಭಾಗವತದ ಮೂರನೆಯ ಸ್ಕಂಧದಲ್ಲಿ ವಿದುರನು ಹಿತ ಹೇಳಿ ದುರ್ಯೋಧನನಿಂದ ಬೈಸಿಕೊಂಡು, ತನ್ನ ಬಿಲ್ಲನ್ನು ಅರಮನೆಯ ಬಾಗಿಲಲ್ಲಿಟ್ಟು ತೀರ್ಥಯಾತ್ರೆಗೆ ನಡೆದದ್ದು ಈ ಸಂದರ್ಭದಲ್ಲಿ ಯಾರಿಗೆ ನೆನಪಾಗದು? ಬಿಲ್ಲನ್ನು ಹೊತ್ತೊಯ್ದು ಪಾಂಡವರ ಕಡೆ ಸೇರಲಿಲ್ಲ. ನನ್ನ ಬಲ ಈ ಕೆಲಸಕ್ಕಿಲ್ಲವೆಂದು ಇಟ್ಟುಹೋದನು.

ಬ್ರಿಟನ್ನಿನಲ್ಲಿ ಚಿಲ್ಕಾಟ್ ವಿಚಾರಣೆ ಏಳು ವರ್ಷ ನಡೆದು 2016ರ ಜುಲೈ 6ರಂದು ವರದಿ ಹೊರಬಂತು. 26 ಲಕ್ಷ ಪದಗಳ ವರದಿ. ಯುದ್ಧಕ್ಕೆ ಕಾನೂನಿನ ಆಧಾರವಿದೆಯೆಂದು ನಿರ್ಣಯಿಸಿದ ರೀತಿ ತೃಪ್ತಿಕರವಾಗಿರಲಿಲ್ಲವೆಂದು ಅದು ಹೇಳಿತು. ಯುದ್ಧ ಕಾನೂನುಬಾಹಿರವೇ ಎಂಬುದನ್ನು ಹೇಳುವುದು ತನ್ನ ಕೆಲಸವಲ್ಲವೆಂದು ಬಿಟ್ಟಿತು. ಬ್ರಿಟನ್ನಿನ 179 ಯೋಧರು ಸತ್ತಿದ್ದರು. 2009ರ ಹೊತ್ತಿಗೆ ಸತ್ತ ಇರಾಕಿಗಳು ಕನಿಷ್ಠ ಒಂದೂವರೆ ಲಕ್ಷ, ಬಹುಶಃ ಇನ್ನೂ ಬಹಳ ಹೆಚ್ಚು, ಅವರಲ್ಲಿ ಬಹುಪಾಲು ಸಾಮಾನ್ಯ ಪ್ರಜೆಗಳು ಎಂದು ವರದಿಯೇ ಲೆಕ್ಕ ಕೊಟ್ಟಿತು.

ದಂಡನೆ? ಅದು ಯಾರಿಗೂ ಆಗಲಿಲ್ಲ. ಆಕ್ರಮಣವು ಅಂತರರಾಷ್ಟ್ರೀಯ ಕಾನೂನಿನಲ್ಲಿ ಅಪರಾಧವಾದರೂ, ಪಾರ್ಲಿಮೆಂಟು ಶಾಸನ ಮಾಡದ ಹೊರತು ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಶಿಕ್ಷಾರ್ಹವಲ್ಲವೆಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ 2006ರಲ್ಲಿ ಹೇಳಿತ್ತು. 2017ರಲ್ಲಿ ಇರಾಕಿನ ಮಾಜಿ ಸೇನಾಧಿಕಾರಿಯೊಬ್ಬರು ಮಾಜಿ ಪ್ರಧಾನಿ ಬ್ಲೇರ್, ಸ್ಟ್ರಾ, ಗೋಲ್ಡ್‌ಸ್ಮಿತ್ ಮೂವರ ಮೇಲೂ ಮೊಕದ್ದಮೆ ಹೂಡಲು ಯತ್ನಿಸಿದಾಗ ಅದೇ ಕಾರಣದಿಂದ ಬಾಗಿಲು ಮುಚ್ಚಿತು. ಹೇಗ್ ನಗರದ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಆಕ್ರಮಣದ ಅಪರಾಧವನ್ನು ವಿಚಾರಿಸುವ ಅಧಿಕಾರ ಬಂದದ್ದು 2018ರ ಜುಲೈ 17ರಿಂದ. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ನ್ಯೂರೆಂಬರ್ಗಿನ ಅನಂತರದ ವಿಚಾರಣೆಗಳಲ್ಲಿ, ರಾಜ್ಯದ ನೀತಿಯ ಮೇಲೆ ಪ್ರಭಾವ ಬೀರಬಲ್ಲ ಸ್ಥಾನದಲ್ಲಿದ್ದವನೂ ಹೊಣೆಗಾರನಾಗಬಹುದಿತ್ತು. ಇಂದಿನ ಲಕ್ಷಣದಲ್ಲಿ ರಾಜ್ಯದ ಕಾರ್ಯವನ್ನು ನಿಯಂತ್ರಿಸುವ ಅಥವಾ ನಿರ್ದೇಶಿಸುವ ಸ್ಥಾನದಲ್ಲಿ ನಿಜವಾಗಿ ಇದ್ದವನು ಮಾತ್ರ. ಅಂದರೆ ಧೃತರಾಷ್ಟ್ರನನ್ನು, ದುರ್ಯೋಧನನನ್ನು ಹಿಡಿಯಲು ಬಲೆಯಿದೆ, ಕಣಿಕನು ನುಸುಳಿಹೋಗುವಷ್ಟು ಅದರ ಕಣ್ಣು ಅಗಲವಾಗಿದೆ. ಎಪ್ಪತ್ತು ವರ್ಷಗಳಲ್ಲಿ ಕಾನೂನು ಈ ಒಂದು ವಿಷಯದಲ್ಲಿ ಹಿಂದಕ್ಕೆ ಸರಿದಿದೆಯೆಂದೇ ಹೇಳಬೇಕು.

ಮನೆಗೆ ಹೋದವರ ಮನೆಗಳೂ ಸಾಮಾನ್ಯವಾದುವಲ್ಲ. ವಿಯೆಟ್ನಾಮ್ ಯುದ್ಧವನ್ನು ಬೆಳೆಸಿದ ಅಮೆರಿಕದ ರಕ್ಷಣಾ ಮಂತ್ರಿ ರಾಬರ್ಟ್ ಮೆಕ್‌ನಮಾರಾ 1968ರಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷರಾದರು. ಇರಾಕ್ ಯುದ್ಧಕ್ಕೆ ಬಲವಾಗಿ ವಾದಿಸಿದ ಉಪರಕ್ಷಣಾ ಮಂತ್ರಿ ಪಾಲ್ ವೊಲ್ಫೊವಿಟ್ಸ್ 2005ರಲ್ಲಿ ಅದೇ ಪೀಠಕ್ಕೆ ಬಂದರು. ಮೆಕ್‌ನಮಾರಾ 1995ರಲ್ಲಿ ಗ್ರಂಥ ಬರೆದು, ನಾವು ಘೋರವಾಗಿ ತಪ್ಪಿದೆವೆಂದು ಒಪ್ಪಿಕೊಂಡರು. ಯುದ್ಧ ಮುಗಿದು 20 ವರ್ಷಗಳಾಗಿದ್ದವು. ಅಮೆರಿಕದವರೇ 58,000ಕ್ಕೂ ಹೆಚ್ಚು ಮಂದಿ, ವಿಯೆಟ್ನಾಮಿನವರು ಎಷ್ಟೋ ಲಕ್ಷ ಮಂದಿ ಸತ್ತಿದ್ದರು. ತಪ್ಪೊಪ್ಪಿಗೆ ಒಳ್ಳೆಯದೇ, ಪಶ್ಚಾತ್ತಾಪಕ್ಕೆ ನಮ್ಮ ಶಾಸ್ತ್ರದಲ್ಲಿ ದೊಡ್ಡ ಸ್ಥಾನವಿದೆ. ಆದರೆ ಯುದ್ಧ ನಡೆಯುತ್ತಿರುವಾಗಲೇ ಅನುಮಾನ ಬಂದಿದ್ದರೂ 1968ರಲ್ಲಿ ಹುದ್ದೆ ಬಿಟ್ಟಮೇಲೆ ಹೊರಗೆ ಬಾಯಿಬಿಡದಿದ್ದುದಕ್ಕೆ ವರುಣಪಾಶದ ಲೆಕ್ಕವೇ ಅನ್ವಯಿಸೀತು. ಅದೇ ಸರ್ಕಾರದಲ್ಲಿದ್ದ ಜಾರ್ಜ್ ಬಾಲ್ ಎಂಬುವರು 1964ರಲ್ಲಿಯೇ 67 ಪುಟಗಳಲ್ಲಿ ಈ ಯುದ್ಧ ಬೇಡವೆಂದು ಬರೆದಿದ್ದರು. ಅಧ್ಯಕ್ಷ ಜಾನ್ಸನ್ ಅವರ ವಾದವನ್ನು ಕೇಳಿದರು, ಅವರನ್ನು ಗೌರವಿಸಿದರು, ಅದರಂತೆ ನಡೆಯಲಿಲ್ಲ. ಬಾಲ್ 1966ರವರೆಗೆ ಹುದ್ದೆಯಲ್ಲಿಯೇ ಇದ್ದು ಆಮೇಲೆ ಗದ್ದಲವಿಲ್ಲದೆ ಹೊರಬಂದರು. ಭೀಷ್ಮಾಚಾರ್ಯರ ಸಂಕಟ ಇಂಥದೇ. ಹಿತ ಹೇಳಿದ್ದರು, ಆದರೂ ಅದೇ ಅನ್ನ ಉಂಡು ಅದೇ ಕಡೆ ನಿಂತರು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಅರ್ಜುನನಿಗೆ ಯುದ್ಧ ಮಾಡೆಂದು ಬೋಧಿಸಿದವನು ಶ್ರೀಕೃಷ್ಣಪರಮಾತ್ಮನೇ ಅಲ್ಲವೆ? ಹೌದು. ನಿರ್ದೋಷನಾದ ಭಗವಂತನಿಗೆ ಯಾವ ಲೇಪವೂ ಇಲ್ಲ. ಆದರೂ ಲೋಕಶಿಕ್ಷಣಕ್ಕಾಗಿ ಆತನು ನಡೆದು ತೋರಿಸಿದ ಕ್ರಮವನ್ನು ಗಮನಿಸಿರಿ. ಮೊದಲು ತಾನೇ ದೂತನಾಗಿ ಶತ್ರುವಿನ ಸಭೆಗೆ ಹೋದನು. ಐದು ಹಳ್ಳಿಗಳಾದರೂ ಸಾಕೆಂಬವರೆಗೆ ಸಂಧಿಯ ಮಾತು ಇಳಿದಿತ್ತು. ಅದೂ ಮುರಿದುಬಿದ್ದ ಮೇಲೆ ಯುದ್ಧದ ಮಾತು. ಆ ಮಾತನ್ನು ಅರಮನೆಯಲ್ಲಿ ಕುಳಿತು ಹೇಳಲಿಲ್ಲ. ಎರಡು ಸೇನೆಗಳ ನಡುವೆ, ಶಸ್ತ್ರ ಹಿಡಿಯದೆ, ಕುದುರೆಗಳ ಲಗಾಮು ಹಿಡಿದು, ಬಾಣಗಳಿಗೆ ಮೈಯೊಡ್ಡಿ ನಿಂತು ಹೇಳಿದನು. ಯುದ್ಧ ಮುಗಿದ ಮೇಲೆ ದ್ವಾರಕೆಗೆ ಹೊರಟುಹೋಗಲಿಲ್ಲ. ನೂರು ಮಕ್ಕಳನ್ನು ಕಳೆದುಕೊಂಡ ಗಾಂಧಾರಿಯ ಎದುರಿಗೆ ಹೋಗಿ ನಿಂತನು. ತಡೆಯಲು ಶಕ್ತನಾಗಿದ್ದೂ ತಡೆಯಲಿಲ್ಲವೆಂದು ಆಕೆ ಶಪಿಸಿದಾಗ ನಗುಮುಖದಿಂದಲೇ ಅಂಗೀಕರಿಸಿದನು. ಯುದ್ಧಕ್ಕೆ ಸಲಹೆ ಕೊಡುವ ಯಾವ ವಿದೇಶಾಂಗ ಪಂಡಿತನು ಸತ್ತವರ ತಾಯಿಯ ಮುಂದೆ ಹೀಗೆ ಹೋಗಿ ನಿಂತಿದ್ದಾನೆ?

ನಮ್ಮ ದೇಶದ ಒಂದು ಸಂಗತಿಯನ್ನೂ ಹೇಳಬೇಕು. 2003ರಲ್ಲಿ ಇರಾಕಿಗೆ ಭಾರತೀಯ ಸೇನೆಯನ್ನು ಕಳುಹಿಸಬೇಕೆಂದು ಅಮೆರಿಕ ಕೇಳಿತ್ತು. ಕಳುಹಿಸಿದರೆ ಲಾಭವಿದೆಯೆಂದು ವಾದಿಸಿದ ಪಂಡಿತರು ದೆಹಲಿಯಲ್ಲಿ ಕಡಿಮೆಯಿರಲಿಲ್ಲ. ಪ್ರಧಾನಿ ವಾಜಪೇಯಿಯವರ ಸರ್ಕಾರ ಎಲ್ಲರ ಮಾತನ್ನೂ ಕೇಳಿ, ಜುಲೈ 14ರಂದು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೇನೆ ಹೋಗುವುದಿಲ್ಲವೆಂದು ತಿಳಿಸಿತು. ಅಂದು ಬೇಡವೆಂದು ಟಿಪ್ಪಣಿ ಬರೆದ ಅಧಿಕಾರಿಗಳ ಹೆಸರು ನಮಗೆ ತಿಳಿಯದು. ಎಷ್ಟೋ ಸಿಪಾಯಿಗಳ ಮನೆಯವರು ಅವರನ್ನು ಅರಿಯದೆಯೇ ಅವರಿಗೆ ಋಣಿಗಳು.

ಇನ್ನು ವಿದುರನ ಮಾತು. ಬಿಲ್ಲನ್ನಿಟ್ಟು ಹೋದವನು ತೀರ್ಥಯಾತ್ರೆ ಮುಗಿಸಿ ಹಸ್ತಿನಾವತಿಗೆ ಹಿಂದಿರುಗಿದ್ದನ್ನು ಭಾಗವತದ ಪ್ರಥಮಸ್ಕಂಧ ಹೇಳುತ್ತದೆ. ಆಗ ಧರ್ಮರಾಜನು ಆಳುತ್ತಿದ್ದಾನೆ. ಧೃತರಾಷ್ಟ್ರನು ಅದೇ ಅರಮನೆಯಲ್ಲಿ ಮುದುಕನಾಗಿ ಕುಳಿತಿದ್ದಾನೆ. ನಾನಂದೇ ಹೇಳಿರಲಿಲ್ಲವೇ ಎಂದು ವಿದುರನು ಹಂಗಿಸಲಿಲ್ಲ. ಅಣ್ಣನಿಗೆ ಕೊನೆಯ ಸಲಹೆ ಕೊಟ್ಟನು. ಯಾರಿಗೆ ಬೆಂಕಿಯಿಟ್ಟೆಯೋ, ಯಾರಿಗೆ ವಿಷವಿಕ್ಕಿಸಿದೆಯೋ, ಯಾರ ಹೆಂಡತಿಯನ್ನು ಸಭೆಯಲ್ಲಿ ಅವಮಾನಿಸಲು ಬಿಟ್ಟೆಯೋ ಅವರು ಕೊಟ್ಟ ಪ್ರಾಣ ನಿನ್ನಲ್ಲಿದೆ. ಭೀಮನು ಹಾಕಿದ ಪಿಂಡವನ್ನು ಮನೆಯ ನಾಯಿಯಂತೆ ತಿಂದುಕೊಂಡಿರುವೆ. ಎದ್ದು ಹೊರಡು ಎಂದನು. ಜೀವಮಾನದಲ್ಲಿ ವಿದುರನ ಯಾವ ಸಲಹೆಯನ್ನೂ ನಡೆಸದ ಧೃತರಾಷ್ಟ್ರನು ಅದೊಂದನ್ನು ನಡೆಸಿದನು. ಬೆಳಗ್ಗೆ ಧರ್ಮರಾಜನು ನಮಸ್ಕಾರಕ್ಕೆಂದು ಬಂದಾಗ ದೊಡ್ಡಪ್ಪ, ದೊಡ್ಡಮ್ಮ, ವಿದುರ ಮೂವರೂ ಅರಮನೆಯಲ್ಲಿರಲಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥